ಮೋಸೆಸ್ ಮುಂದೆ ಓಡಿದ್ದು ಯಾರನ್ನು ನಂಬಿ? ಚೆಲ್ಸಿಯ 3-4-3, ಒಂದು ಪ್ರಕರಣ ಅಧ್ಯಯನ

2016ರ ಸೆಪ್ಟೆಂಬರ್ 24. ಲಂಡನ್‌ನ ಎಮಿರೇಟ್ಸ್ ಸ್ಟೇಡಿಯಂ, ಫುಟ್‌ಬಾಲ್ ಲೀಗ್ ಪಂದ್ಯ. ಆರ್ಸೆನಲ್ 3, ಚೆಲ್ಸಿ 0. ಮೂರೂ ಗೋಲು ಮೊದಲ 40 ನಿಮಿಷದಲ್ಲೇ ಬಿದ್ದಿವೆ. 55ನೇ ನಿಮಿಷದಲ್ಲಿ ಚೆಲ್ಸಿಯ ಕೋಚ್ ಆಂಟೋನಿಯೊ ಕೊಂಟೆ, ಸೆಸ್ಕ್ ಫ್ಯಾಬ್ರೆಗಾಸ್‌ನನ್ನು ಹೊರಗೆ ಕರೆದು ಮಾರ್ಕೋಸ್ ಅಲೋನ್ಸೊನನ್ನು ಒಳಗೆ ಕಳಿಸುತ್ತಾರೆ. ಮೂರು ಗೋಲು ಹಿಂದಿರುವ ತಂಡ, ಗೋಲು ಹುಟ್ಟಿಸುವ ಪಾಸ್ ಕೊಡುವವನನ್ನು ತೆಗೆದು ಡಿಫೆಂಡರ್ ಒಬ್ಬನನ್ನು ಹಾಕುತ್ತಿದೆ!

ಮರ್ಯಾದೆ ಉಳಿಸಿಕೊಳ್ಳೋ ಲೆಕ್ಕ ಅಂತ ಯಾರಿಗಾದರೂ ಅನ್ನಿಸುತ್ತೆ. ಮೂರು ಹೋಗಿ ಐದಾಗದಿದ್ದರೆ ಸಾಕು ಅನ್ನೋ ಹಾಗೆ. ಪಂದ್ಯವೂ 3-0ಕ್ಕೇ ಮುಗಿಯಿತು. ಆದರೆ ಅದಾದ ಮೇಲೆ ಚೆಲ್ಸಿ ಸತತ 13 ಲೀಗ್ ಪಂದ್ಯ ಗೆದ್ದಿತು. ಅದರಲ್ಲಿ ಮೊದಲ ಆರು ಪಂದ್ಯಗಳಲ್ಲಿ 17 ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡಲಿಲ್ಲ. ಮೇ ತಿಂಗಳಲ್ಲಿ ಪ್ರೀಮಿಯರ್ ಲೀಗ್ ಅವರದಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಕೊಂಟೆ ಹಿಂದೆ ಮೂವರನ್ನು ನಿಲ್ಲಿಸಿದರು, ಎರಡು ಬದಿಗೆ ವಿಂಗ್-ಬ್ಯಾಕ್ (ಬದಿಯ ಗೆರೆಯುದ್ದಕ್ಕೂ ಓಡಾಡಿ ದಾಳಿ, ರಕ್ಷಣೆ ಎರಡನ್ನೂ ಮಾಡುವವರು) ಹಾಕಿದರು, ಲೀಗ್ ಗೆದ್ದರು. ಸುಳ್ಳೇನಲ್ಲ, ಅರ್ಧ ಸತ್ಯ. ನನ್ನ ಪ್ರಕಾರ ವಿಂಗ್-ಬ್ಯಾಕ್ ಅನ್ನೋದು ಒಬ್ಬ ಆಟಗಾರನ ಕೆಲಸವೇ ಅಲ್ಲ. ಅದು ಜೋಡಿ ಕೆಲಸ. ಒಬ್ಬ ಮುಂದೆ ಓಡುತ್ತಾನೆ (ಚೆಲ್ಸಿಯ ಬಲಬದಿಯಲ್ಲಿ ಅವನು ವಿಕ್ಟರ್ ಮೋಸೆಸ್), ಅವನು ಬಿಟ್ಟುಹೋದ ಜಾಗಕ್ಕೆ ಇನ್ನೊಬ್ಬ ಹೊಣೆ. ಟಿವಿ ಕ್ಯಾಮೆರಾ ಓಡಿದವನ ಹಿಂದೆ ಹೋಗುತ್ತೆ, ನಿಂತವನು ಚೌಕಟ್ಟಿನಿಂದ ಹೊರಗೆ ಉಳಿಯುತ್ತಾನೆ. ಈ ಬರಹ ಜಾಸ್ತಿ ಆ ನಿಂತವನ ಬಗ್ಗೆ.

ಮೊದಲೇ ಒಂದು ಮಾತು. ಕೋಚ್ ಹೆಸರು ಕೊಂಟೆ, ಅದೇ ತಂಡದ ಮಿಡ್‌ಫೀಲ್ಡರ್ ಹೆಸರು ಎನ್‌ಗೋಲೊ ಕಾಂಟೆ. ಓದುವಾಗ ಒಬ್ಬರು ಇನ್ನೊಬ್ಬರಾಗಿಬಿಡ್ತಾರೆ. ಹಾಗಾಗಿ ಆಟಗಾರನನ್ನು ಎನ್‌ಗೋಲೊ ಅಂತಲೇ ಕರೆಯುತ್ತೇನೆ.

ಎಲ್ಲಿ ಸೋರುತ್ತಿತ್ತು

ಹಿಂದಿನ ಸೀಸನ್‌ನಲ್ಲಿ ಚೆಲ್ಸಿ 10ನೇ ಸ್ಥಾನಕ್ಕೆ ಕುಸಿದಿತ್ತು. 2016ರ ಯೂರೋ ಕಪ್ ಮುಗಿಸಿ, ಇಟಲಿ ತಂಡ ಬಿಟ್ಟು ಕೊಂಟೆ ಇಲ್ಲಿಗೆ ಬಂದರು. ಅದಕ್ಕೂ ಮೊದಲು ಯುವೆಂಟಸ್‌ನಲ್ಲಿ ಹಿಂದೆ ಮೂವರನ್ನು ಆಡಿಸಿಯೇ ಹೆಸರು ಮಾಡಿದ್ದವರು, ಅಲ್ಲಿ ಸತತ ಮೂರು ಸಲ ಲೀಗ್ ಗೆದ್ದವರು. ಆದರೂ ಚೆಲ್ಸಿಯಲ್ಲಿ ಶುರು ಮಾಡಿದ್ದು ನಾಲ್ವರು ಡಿಫೆಂಡರ್‌ಗಳ ತಂಡದಿಂದಲೇ. ಹೊಸ ಮನೆಗೆ ಬಂದ ಮೊದಲ ವಾರವೇ ಗೋಡೆ ಒಡೆಯೋದು ಬೇಡ ಅಂದುಕೊಂಡಿರಬಹುದು.

ವೆಸ್ಟ್ ಹ್ಯಾಮ್, ವ್ಯಾಟ್‌ಫರ್ಡ್, ಬರ್ನ್‌ಲಿ ವಿರುದ್ಧ ಗೆಲುವು. ಸ್ವಾನ್ಸಿ ವಿರುದ್ಧ 2-2. ಲಿವರ್‌ಪೂಲ್ ವಿರುದ್ಧ ತಮ್ಮದೇ ಮೈದಾನದಲ್ಲಿ 1-2 ಸೋಲು. ಆಮೇಲೆ ಆರ್ಸೆನಲ್. ಆರು ಪಂದ್ಯಕ್ಕೆ 10 ಅಂಕ. ಮೇಲೆ ಕೂತಿದ್ದ ಮ್ಯಾಂಚೆಸ್ಟರ್ ಸಿಟಿಗೆ ಅಷ್ಟೇ ಪಂದ್ಯಕ್ಕೆ 18.

ಆಡುತ್ತಿದ್ದ ಜೋಡಣೆ 4-1-4-1. ಹಿಂದೆ ನಾಲ್ವರು, ಅವರ ಮುಂದೆ ಎನ್‌ಗೋಲೊ ಒಬ್ಬನೇ ಕಾವಲು, ಅವನ ಮುಂದೆ ನಾಲ್ವರು, ತುದಿಯಲ್ಲಿ ಡಿಯೆಗೊ ಕೋಸ್ಟಾ. ಬಲ ಫುಲ್-ಬ್ಯಾಕ್ (ಹಿಂದಿನ ಸಾಲಿನ ತುದಿಯ ಡಿಫೆಂಡರ್) ಬ್ರಾನಿಸ್ಲಾವ್ ಇವಾನೊವಿಚ್‌ಗೆ ಆಗ 32 ವಯಸ್ಸು. ಎಡಕ್ಕೆ ಸೆಸಾರ್ ಆಸ್ಪಿಲಿಕ್ವೆಟಾ. ಈ ಹೆಸರು ನೆನಪಿಟ್ಟುಕೊಳ್ಳಿ.

ಆರ್ಸೆನಲ್‌ನ ಮೊದಲ ಗೋಲಿನಲ್ಲಿ ಕಲಿಯೋದೇನೂ ಇಲ್ಲ. ಗ್ಯಾರಿ ಕೇಹಿಲ್ ಹಿಂದಕ್ಕೆ ಕೊಟ್ಟ ಪಾಸ್ ಕೆಟ್ಟಿತು, ಅಲೆಕ್ಸಿಸ್ ಸ್ಯಾಂಚೆಸ್ ಹಾರಿಸಿಕೊಂಡು ಹೋದ. ಯಾವ ಫಾರ್ಮೇಶನ್ನೂ ಇದಕ್ಕೆ ಮದ್ದಲ್ಲ. ಎರಡನೆಯದರಲ್ಲಿ ಆರ್ಸೆನಲ್‌ನ ಬಲ ಫುಲ್-ಬ್ಯಾಕ್ ಎಕ್ಟರ್ ಬೆಯೆರಿನ್ ಚೆಲ್ಸಿ ಬಾಕ್ಸ್‌ನ (ಗೋಲಿನ ಮುಂದಿನ ಚೌಕದ) ಬದಿಗೆ ಬಂದು ಅಡ್ಡ ಪಾಸ್ ಕೊಟ್ಟ, ವಾಲ್ಕಾಟ್ ತಳ್ಳಿದ. ಮೂರನೆಯದೇ ನಿಜವಾದ ಎಕ್ಸ್-ರೇ. ಮೈದಾನದ ನಡುವೆ ಮೆಸುಟ್ ಓಜಿಲ್ ತಿರುಗಿ ಎನ್‌ಗೋಲೊನನ್ನು ದಾಟಿಬಿಟ್ಟ. ಅಷ್ಟೇ. ಅಲ್ಲಿಂದ ಗೋಲಿನವರೆಗೆ ರಸ್ತೆ ಖಾಲಿ. ಸ್ಯಾಂಚೆಸ್‌ಗೆ ಪಾಸ್, ಸ್ಯಾಂಚೆಸ್‌ನಿಂದ ಕ್ರಾಸ್, ಓಡಿ ಬಂದ ಓಜಿಲ್‌ನ ಕಾಲಿಗೇ ಚೆಂಡು.

ಅಂದರೆ ಕಾವಲುಗಾರ ಒಬ್ಬನೇ. ಅವನು ತಪ್ಪಿದ ಅಂದರೆ ಹಿಂದಿನ ನಾಲ್ವರು ಮೈದಾನದ ಪೂರ್ತಿ ಅಗಲವನ್ನು ತಾವೇ ನೋಡಿಕೊಳ್ಳಬೇಕು. ಸುಮ್ನೆ ಲೆಕ್ಕ ಹಾಕಿ ನೋಡಿ. ಮೈದಾನದ ಸಾಮಾನ್ಯ ಅಗಲ 68 ಮೀಟರ್. ನಾಲ್ವರಿಗೆ ಹಂಚಿದರೆ ತಲೆಗೆ 17 ಮೀಟರ್. ಓಡಿ ಬರುತ್ತಿರುವವನ ಎದುರು 17 ಮೀಟರ್ ಅನ್ನೋದು ಬಯಲು. ಐವರಿಗೆ ಹಂಚಿದರೆ 13.6 ಮೀಟರ್. ಈ ಮೂರೂವರೆ ಮೀಟರ್‌ನಲ್ಲಿ ಅರ್ಧ ಫುಟ್‌ಬಾಲ್ ಇದೆ.

ಏನು ಬದಲಾಯಿತು, ಏನು ಬದಲಾಗಲಿಲ್ಲ

ಅಕ್ಟೋಬರ್ 1ರಂದು ಹಲ್ ಸಿಟಿ ಮೈದಾನದಲ್ಲಿ ಚೆಲ್ಸಿ ಮೊದಲ ನಿಮಿಷದಿಂದಲೇ 3-4-3 ಆಡಿತು. ಗೋಲಿನಲ್ಲಿ ಕೋರ್ಟ್ವಾ. ಹಿಂದೆ ಬಲದಿಂದ ಎಡಕ್ಕೆ ಆಸ್ಪಿಲಿಕ್ವೆಟಾ, ಡೇವಿಡ್ ಲೂಯಿಸ್, ಕೇಹಿಲ್. ನಡುವೆ ಎನ್‌ಗೋಲೊ ಮತ್ತು ಮ್ಯಾಟಿಚ್. ಬಲ ತುದಿಗೆ ವಿಕ್ಟರ್ ಮೋಸೆಸ್, ಎಡ ತುದಿಗೆ ಅಲೋನ್ಸೊ. ಮುಂದೆ ವಿಲಿಯನ್, ಕೋಸ್ಟಾ, ಎಡೆನ್ ಅಜಾರ್. ಮೊದಲಾರ್ಧ ಸಪ್ಪೆ. ಎರಡನೇ ಅರ್ಧದಲ್ಲಿ ಆರು ನಿಮಿಷದ ಅಂತರದಲ್ಲಿ ಎರಡು ಗೋಲು, 2-0.

ಆರ್ಸೆನಲ್ ಎದುರು ಶುರು ಮಾಡಿದ ಹನ್ನೊಂದರಲ್ಲಿ ಒಂಬತ್ತು ಜನ ಇಲ್ಲೂ ಇದ್ದಾರೆ. ಇವಾನೊವಿಚ್, ಫ್ಯಾಬ್ರೆಗಾಸ್ ಹೊರಗೆ. ಮೋಸೆಸ್, ಅಲೋನ್ಸೊ ಒಳಗೆ. ಇಬ್ಬರೇ ಬದಲು. ಆದರೆ ಸದ್ದಿಲ್ಲದೆ ನಡೆದ ಮೂರನೇ ಬದಲಾವಣೆ ಒಂದಿದೆ. ಎಡ ಫುಲ್-ಬ್ಯಾಕ್ ಆಗಿದ್ದ ಆಸ್ಪಿಲಿಕ್ವೆಟಾ ಬಲಬದಿಯ ಸೆಂಟರ್-ಬ್ಯಾಕ್ (ಹಿಂದಿನ ಸಾಲಿನ ನಡುವೆ ನಿಲ್ಲುವ ಡಿಫೆಂಡರ್) ಆದ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಬೀಗದ ಕೈ ಅದು.

ಯುವೆಂಟಸ್‌ನ 3-5-2 ಅನ್ನು ಹಾಗೇ ಎತ್ತಿಕೊಂಡು ಬರಬಹುದಿತ್ತು. ಕೊಂಟೆ ತರಲಿಲ್ಲ. 3-5-2ರಲ್ಲಿ ವಿಂಗರ್‌ಗಳಿಗೆ, ಅಂದರೆ ತುದಿಯಿಂದ ದಾಳಿ ಮಾಡುವವರಿಗೆ, ಜಾಗವೇ ಇಲ್ಲ. ಇಲ್ಲಿ ನೋಡಿದರೆ ಅಜಾರ್, ಪೆಡ್ರೊ, ವಿಲಿಯನ್ ಮೂವರೂ ವಿಂಗರ್‌ಗಳು. ಅವರನ್ನು ಬೆಂಚ್ ಮೇಲೆ ಕೂರಿಸೋ ಬದಲು ತುದಿಯಿಂದ ಸ್ವಲ್ಪ ಒಳಗೆ ಕರೆದು, ತುದಿಯನ್ನು ವಿಂಗ್-ಬ್ಯಾಕ್‌ಗಳಿಗೆ ಬಿಟ್ಟುಕೊಟ್ಟರು. ಇದ್ದ ಬಟ್ಟೆಗೆ ತಕ್ಕ ಅಂಗಿ.

ಕಾಗದದ ಮೇಲಿನ ಅಂಕಿ

3-4-3 ಅಂತ ಬರೆದರೆ ಮೂರು ಸಾಲು ಕಣ್ಣಿಗೆ ಬರುತ್ತೆ. ಮೈದಾನದಲ್ಲಿ ಹಾಗೆ ಯಾರೂ ನಿಲ್ಲೋದಿಲ್ಲ. ಚೆಂಡು ಚೆಲ್ಸಿ ಕಾಲಲ್ಲಿದ್ದಾಗ ಅದು 3-2-5. ಚೆಂಡು ಹೋದ ಕೂಡಲೇ 5-4-1. ಇವೆರಡರ ನಡುವೆ ಅತಿ ಹೆಚ್ಚು ದೂರ ಓಡುವವರು ಇಬ್ಬರು ವಿಂಗ್-ಬ್ಯಾಕ್‌ಗಳು. ಹಿಂದಿನ ಮೂರನ್ನು ಐದು ಮಾಡೋರೂ ಅವರೇ, ಮುಂದಿನ ಮೂರನ್ನು ಐದು ಮಾಡೋರೂ ಅವರೇ.

ಮುಂದೆ ಐವರು ಅಂದೆ. ಮೈದಾನವನ್ನು ಉದ್ದಕ್ಕೆ ಐದು ಪಟ್ಟಿಯಾಗಿ ಸೀಳಿಕೊಳ್ಳಿ. ಎರಡು ತುದಿ, ಒಂದು ನಡು, ನಡುವಿನ ಅಕ್ಕಪಕ್ಕ ಎರಡು ಒಳದಾರಿ. ಬಲ ತುದಿಗೆ ಮೋಸೆಸ್, ಬಲ ಒಳದಾರಿಗೆ ಪೆಡ್ರೊ ಅಥವಾ ವಿಲಿಯನ್, ನಡುವೆ ಕೋಸ್ಟಾ, ಎಡ ಒಳದಾರಿಗೆ ಅಜಾರ್, ಎಡ ತುದಿಗೆ ಅಲೋನ್ಸೊ. ಎದುರು ನಾಲ್ವರು ಡಿಫೆಂಡರ್. ಐದು ದಾರಿಗೆ ನಾಲ್ಕು ಬಾಗಿಲು. ಒಂದು ಯಾವಾಗಲೂ ತೆರೆದೇ ಇರುತ್ತೆ.

ಈಗ ಎದುರಾಳಿಯ ಬಲ ಫುಲ್-ಬ್ಯಾಕ್‌ನ ಪಾಡು ನೋಡಿ. ಒಳದಾರಿಯಲ್ಲಿ ಅಜಾರ್ ಚೆಂಡು ಹಿಡಿದು ತಿರುಗುತ್ತಿದ್ದಾನೆ. ಅವನ ಹತ್ತಿರ ಹೋದರೆ ಬೆನ್ನ ಹಿಂದೆ ಟಚ್‌ಲೈನ್‌ನಲ್ಲಿ (ಮೈದಾನದ ಬದಿಯ ಗೆರೆ) ಅಲೋನ್ಸೊ. ಅಲೋನ್ಸೊನನ್ನು ಕಾಯುತ್ತಾ ಹೊರಗೇ ನಿಂತರೆ ಅಜಾರ್ ಸೀದಾ ಬಾಕ್ಸ್‌ಗೆ ನುಗ್ಗುತ್ತಾನೆ. ಅತ್ತ ದರಿ, ಇತ್ತ ಪುಲಿ. ವಿಂಗರ್ ಹಿಂದೆ ಬಂದು ಸಹಾಯ ಮಾಡಬಹುದು, ನಿಜ. ಆದರೆ ಹಾಗೆ ಹಿಂದೆ ಬಂದ ವಿಂಗರ್ ಆಮೇಲೆ ದಾಳಿ ಎಲ್ಲಿಂದ ಶುರು ಮಾಡಬೇಕು? ತನ್ನದೇ ಪೆನಾಲ್ಟಿ ಬಾಕ್ಸ್‌ನಿಂದ. ಒಂದು ವಿಂಗ್-ಬ್ಯಾಕ್ ಮೇಲೆ ನಿಂತಿದ್ದರೆ ಎದುರಾಳಿಯ ಒಬ್ಬ ವಿಂಗರ್ ಅರ್ಧ ಪಂದ್ಯ ಡಿಫೆಂಡರ್ ಆಗಿ ಕಳೆಯುತ್ತಾನೆ. ಯಾವ ಅಂಕಿಅಂಶದ ಪಟ್ಟಿಯಲ್ಲೂ ಇದು ಕಾಣೋದಿಲ್ಲ.

ಅಜಾರ್‌ಗೆ ಇದರಿಂದ ಆದ ಲಾಭ ಮಾತ್ರ ಪಟ್ಟಿಯಲ್ಲೇ ಇದೆ. ಹಿಂದಿನ ಸೀಸನ್‌ನಲ್ಲಿ 4 ಲೀಗ್ ಗೋಲು. ಈ ಸೀಸನ್‌ನಲ್ಲಿ 16.

ಬಲ ಜೋಡಿ, ಎಡ ಜೋಡಿ

ಮೋಸೆಸ್ ವಿಂಗರ್. 2012ರಲ್ಲಿ ಚೆಲ್ಸಿಗೆ ಬಂದವನು. ಆಮೇಲಿನ ಮೂರು ಸೀಸನ್ ಲಿವರ್‌ಪೂಲ್, ಸ್ಟೋಕ್, ವೆಸ್ಟ್ ಹ್ಯಾಮ್ ಅಂತ ವರ್ಷಕ್ಕೊಂದು ತಂಡಕ್ಕೆ ಸಾಲದ ಮೇಲೆ ಹೋಗಿ ಬಂದವನು. ವಿಂಗ್-ಬ್ಯಾಕ್ ಕೆಲಸಕ್ಕೆ ಇವನನ್ನು ಆರಿಸಿದ್ದು ಮೊದಲ ನೋಟಕ್ಕೆ ವಿಚಿತ್ರ. ಹಿಂದೆ ನಿಂತು ತಡೆಯೋದು ಇವನ ಹುಟ್ಟುಗುಣ ಅಲ್ವಲ್ಲ.

ಇವನ ಹಿಂದೆ ಯಾರಿದ್ದಾರೆ ಅನ್ನೋದನ್ನು ನೋಡಿದರೆ ಗುಟ್ಟು ಬಿಡುತ್ತೆ. ಆಸ್ಪಿಲಿಕ್ವೆಟಾ ಹುಟ್ಟಾ ಫುಲ್-ಬ್ಯಾಕ್. ಎತ್ತರ 1.78 ಮೀಟರ್, ಸೆಂಟರ್-ಬ್ಯಾಕ್‌ಗೆ ಅದು ಕಮ್ಮಿಯೇ. ಆದರೆ ಟಚ್‌ಲೈನ್ ಹತ್ತಿರ ವಿಂಗರ್ ಒಬ್ಬನನ್ನು ಒಬ್ಬನೇ ಎದುರಿಸೋದು ಅವನಿಗೆ ದಿನದ ಕೆಲಸ. ಮೋಸೆಸ್ ಬಿಟ್ಟುಹೋದ ಜಾಗ ಅವನಿಗೆ ಪರಕೀಯ ಅಲ್ಲ, ಹಳೇ ಮನೆ. ಹಾಗಾಗಿ ಮೋಸೆಸ್ ಮೇಲೆ ಓಡುವಾಗ ತಿರುಗಿ ನೋಡಬೇಕಿರಲಿಲ್ಲ. ಪಕ್ಕದಲ್ಲಿ ಎನ್‌ಗೋಲೊ ಬೇರೆ ಇದ್ದ. ಫುಲ್-ಬ್ಯಾಕ್ ಒಬ್ಬ ಸೆಂಟರ್-ಬ್ಯಾಕ್ ಜಾಗದಲ್ಲಿ ನಿಂತಿದ್ದಕ್ಕೇ ವಿಂಗರ್ ಒಬ್ಬ ಫುಲ್-ಬ್ಯಾಕ್ ಜಾಗದಲ್ಲಿ ಆಡಬಹುದಾಯಿತು.

ಎಡಕ್ಕೆ ಲೆಕ್ಕ ಉಲ್ಟಾ. ಹಿಂದಿರೋದು ಕೇಹಿಲ್. ಗಟ್ಟಿಯಾದ ಸೆಂಟರ್-ಬ್ಯಾಕ್, ಆದರೆ ಬಲಗಾಲಿನವನು, ತುದಿಗೆ ಓಡಿ ವಿಂಗರ್‌ನನ್ನು ಬೆನ್ನಟ್ಟೋದು ಅವನ ಇಷ್ಟದ ಕೆಲಸ ಅಲ್ಲ. ಮುಂದಿರೋದು ಅಜಾರ್, ಹಿಂದೆ ಬಂದು ತಡೆಯೋದಕ್ಕಿಂತ ಮುಂದೆ ಉಳಿದು ಹೊಡೆಯೋದಕ್ಕೆ ಬೇಕಾದವನು. ಇವರಿಬ್ಬರ ನಡುವೆ ಇನ್ನೊಬ್ಬ ಮೋಸೆಸ್‌ನನ್ನು ಹಾಕಿದರೆ ಎಡಬದಿ ಹೆದ್ದಾರಿ ಆಗಿಬಿಡುತ್ತಿತ್ತು. ಅದಕ್ಕೇ ಅಲೋನ್ಸೊ. ಆಗಸ್ಟ್ ಕೊನೆಯಲ್ಲಿ ಫಿಯೊರೆಂಟಿನಾದಿಂದ ಬಂದ ಎಡಗಾಲಿನ ಡಿಫೆಂಡರ್. ಓಟದಲ್ಲಿ ಮಿಂಚಲ್ಲ. ಯಾವಾಗ ಹೊರಡಬೇಕು ಅನ್ನೋದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತು. ಎತ್ತರದವನು, ಹೆಡರ್ ಬರುತ್ತೆ, ಎಡಗಾಲಿನಿಂದ ಉದ್ದ ಪಾಸ್ ಬರುತ್ತೆ. ಅಕ್ಟೋಬರ್ 23ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಪಂದ್ಯ ಶುರುವಾಗಿ ಅರ್ಧ ನಿಮಿಷಕ್ಕೆ ಪೆಡ್ರೊ ಗೋಲು ಹೊಡೆದ. ಆ ಪಾಸ್ ಅಲೋನ್ಸೊನದು. ಪಂದ್ಯ 4-0.

ಒಂದೇ ಹೆಸರಿನ ಎರಡು ಸ್ಥಾನ, ಎರಡು ಬೇರೆ ಬೇರೆ ಕೆಲಸ. ವಿಂಗ್-ಬ್ಯಾಕ್ ಹೇಗಿರಬೇಕು ಅಂತ ಕೇಳೋದೇ ತಪ್ಪು ಪ್ರಶ್ನೆ. ಅವನ ಹಿಂದೆ ಯಾರು, ಮುಂದೆ ಯಾರು ಅಂತ ಮೊದಲು ಕೇಳಬೇಕು.

ಸರಪಳಿ

ಚೆಂಡಿಲ್ಲದಾಗ ಐವರು ಹೇಗೆ ಸರಿಯುತ್ತಾರೆ ಅನ್ನೋದನ್ನು ನಿಧಾನವಾಗಿ ನೋಡೋಣ. ಹೊಸದಾಗಿ ಹಿಂದೆ ಮೂವರನ್ನು ಆಡಿಸಲು ಹೊರಟ ತಂಡಗಳು ಎಡವೋದು ಹೆಚ್ಚಾಗಿ ಇಲ್ಲೇ.

ಎದುರಾಳಿಯ ಎಡ ಫುಲ್-ಬ್ಯಾಕ್ ಕಾಲಿಗೆ ಚೆಂಡು ಬಂತು ಅಂದುಕೊಳ್ಳಿ. ಅವನ ಮೇಲೆ ಯಾರು ಹೋಗಬೇಕು? ಪೆಡ್ರೊ. ಮೋಸೆಸ್ ಅಲ್ಲ. ಮೋಸೆಸ್ ತನ್ನ ಜಾಗದಲ್ಲೇ ಇರುತ್ತಾನೆ, ಎದುರಾಳಿಯ ವಿಂಗರ್ ಮೇಲೆ ಕಣ್ಣಿಟ್ಟು. ಚೆಂಡು ಆ ವಿಂಗರ್‌ಗೆ ಹೋಯಿತು. ಈಗ ಮೋಸೆಸ್ ಮುಂದೆ ನುಗ್ಗುತ್ತಾನೆ. ಅವನು ಹೊರಟ ಕ್ಷಣವೇ ಆಸ್ಪಿಲಿಕ್ವೆಟಾ ಐದಾರು ಮೀಟರ್ ಬಲಕ್ಕೆ. ಡೇವಿಡ್ ಲೂಯಿಸ್ ಅವನ ಜಾಗಕ್ಕೆ. ಕೇಹಿಲ್ ಲೂಯಿಸ್ ಜಾಗಕ್ಕೆ. ದೂರದ ತುದಿಯಲ್ಲಿದ್ದ ಅಲೋನ್ಸೊ ಒಳಗೆ ಸರಿದು ಕೇಹಿಲ್ ಪಕ್ಕ. ಐವರ ಸಾಲು ನಾಲ್ವರ ಸಾಲಾಯಿತು, ಐದನೆಯವನು ಚೆಂಡಿನ ಮೇಲಿದ್ದಾನೆ. ಚೆಂಡು ಎಡಕ್ಕೆ ಹೋದರೆ ಇದೇ ಉಲ್ಟಾ.

ಹೇಳೋಕೆ ಸುಲಭ. ಆದರೆ ಐವರಲ್ಲಿ ಒಬ್ಬ ಒಂದು ಸೆಕೆಂಡ್ ತಡ ಮಾಡಿದರೂ ನಡುವೆ ಬಿರುಕು ಬೀಳುತ್ತೆ. ಇದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಸಮಯ ಬೇಕು. ಚೆಲ್ಸಿಗೆ ಸಮಯ ಇತ್ತು. ಹಿಂದಿನ ಸೀಸನ್‌ನಲ್ಲಿ 10ನೇ ಸ್ಥಾನಕ್ಕೆ ಬಿದ್ದಿದ್ದರಿಂದ ಆ ವರ್ಷ ಯುರೋಪಿಯನ್ ಪಂದ್ಯಗಳೇ ಇರಲಿಲ್ಲ. ವಾರದ ನಡುವೆ ಪ್ರಯಾಣ ಇಲ್ಲ, ಸುಸ್ತಿಲ್ಲ, ಹೆಚ್ಚುಕಮ್ಮಿ ಅದೇ ಹನ್ನೊಂದು ಜನ ವಾರವಾರವೂ ಆಡಬಹುದು. ಕೊಂಟೆಯವರನ್ನು ಹೊಗಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ಪ್ರಕರಣ ಅಧ್ಯಯನ ಅಂತ ಕರೆದ ಮೇಲೆ ನಾವು ಬಿಡೋ ಹಾಗಿಲ್ಲ. ಆ ಸೀಸನ್‌ನ ಅರ್ಧ ಬಲ ಹಿಂದಿನ ಸೀಸನ್‌ನ ಸೋಲಿನಿಂದ ಬಂದದ್ದು.

ಒಂದು ಗೋಲು, ಹತ್ತಿರದಿಂದ

ನವೆಂಬರ್ 26, ಎದುರಾಳಿ ಟಾಟನ್‌ಹ್ಯಾಮ್. 11ನೇ ನಿಮಿಷದಲ್ಲಿ ಕ್ರಿಸ್ಟಿಯನ್ ಎರಿಕ್ಸೆನ್ ದೂರದಿಂದ ಹೊಡೆದು ಆರು ಪಂದ್ಯಗಳ ಸೊನ್ನೆಯನ್ನು ಒಡೆದ. ವಿರಾಮಕ್ಕೆ ಮುಂಚೆ ಪೆಡ್ರೊ ಸಮ ಮಾಡಿದ.

51ನೇ ನಿಮಿಷ. ಕೋಸ್ಟಾ ಎಡಬದಿಯಲ್ಲಿ ಚೆಂಡು ಹಿಡಿದು ಗೋಲ್‌ಲೈನ್ ಕಡೆಗೆ ಒತ್ತಿಕೊಂಡು ಹೋಗುತ್ತಾನೆ. ಸ್ಟ್ರೈಕರ್ ತುದಿಗೆ ಹೋದ, ಹಾಗಾದರೆ ಬಾಕ್ಸ್‌ನಲ್ಲಿ ಯಾರು? ಕೋಸ್ಟಾ ನೆಲಮಟ್ಟದಲ್ಲಿ ಅಡ್ಡಲಾಗಿ ಎಳೆಯುತ್ತಾನೆ. ಚೆಂಡು ಬಾಕ್ಸ್ ಅಡ್ಡಹಾಯ್ದು ದೂರದ ಕಂಬದ ಕಡೆಗೆ ಹೋಗುತ್ತೆ. ಅಲ್ಲಿ ಮೋಸೆಸ್. ಅವನ ಹತ್ತಿರ ಯಾರೂ ಇಲ್ಲ. ಹೊಡೆದ ಚೆಂಡು ವೆರ್ಟೊಂಗೆನ್‌ಗೆ ತಾಗಿ ಒಳಗೆ. 2-1.

ಮೋಸೆಸ್ ಅಲ್ಲಿ ಒಂಟಿಯಾಗಿ ಸಿಕ್ಕಿದ್ದು ಅದೃಷ್ಟವಲ್ಲ. ಟಾಟನ್‌ಹ್ಯಾಮ್ ಅಂದು ನಾಲ್ವರನ್ನು ಆಡಿಸಿತ್ತು. ಎಡ ಫುಲ್-ಬ್ಯಾಕ್ ಜಾಗದಲ್ಲಿ ಸೆಂಟರ್-ಬ್ಯಾಕ್ ಕೆವಿನ್ ವಿಮ್ಮರ್. ಚೆಂಡು ಇನ್ನೊಂದು ಬದಿಗೆ ಹೋದಾಗ ನಾಲ್ವರೂ ಆ ಕಡೆ ಜಗ್ಗುತ್ತಾರೆ, ಜಗ್ಗಲೇಬೇಕು. ಸಾಲಿನ ಕೊನೆಯವನಿಗೆ ಚೆಂಡೂ ಕಾಣಬೇಕು, ಬೆನ್ನ ಹಿಂದೆ ಓಡಿ ಬರುವವನೂ ಕಾಣಬೇಕು. ಕಣ್ಣು ಎರಡೇ, ಅದೂ ಎರಡೂ ಮುಂದಕ್ಕೆ. ವಿಂಗ್-ಬ್ಯಾಕ್‌ಗೆ ಎದುರು ಬದಿಯ ಕ್ರಾಸ್ ಹಬ್ಬ ಆಗೋದು ಅದಕ್ಕೇ. ಅಲೋನ್ಸೊ ಆ ಲೀಗ್ ಸೀಸನ್‌ನಲ್ಲಿ 6 ಗೋಲು ಹೊಡೆದ. ಫೆಬ್ರವರಿ 4ರಂದು ಅದೇ ಆರ್ಸೆನಲ್ ವಿರುದ್ಧ, ಕೋಸ್ಟಾನ ಹೆಡರ್ ಗೋಲಿನ ಅಡ್ಡಪಟ್ಟಿಗೆ ಬಡಿದು ವಾಪಸ್ ಬಂದಾಗ ಬೆಯೆರಿನ್ ತಲೆ ಮೇಲೆ ಎಗರಿ ಹೆಡರ್ ಹೊಡೆದವನು ಇವನೇ. ಸೆಪ್ಟೆಂಬರ್‌ನಲ್ಲಿ ಚೆಲ್ಸಿ ಬಾಕ್ಸ್‌ಗೆ ಬಂದು ಗೋಲಿಗೆ ಪಾಸ್ ಕೊಟ್ಟಿದ್ದ ಬೆಯೆರಿನ್‌ಗೆ ಈ ಸಲ ತನ್ನ ಬಾಕ್ಸ್‌ನಲ್ಲೇ ಕೆಲಸ. ಆ ಡಿಕ್ಕಿಯಲ್ಲಿ ಪೆಟ್ಟಾಗಿ ಅವನು ಮೈದಾನ ಬಿಡಬೇಕಾಯಿತು. ಚೆಲ್ಸಿ 3, ಆರ್ಸೆನಲ್ 1.

ನಕಲು ಮತ್ತು ಮದ್ದು

ಗೆಲ್ಲೋ ಫಾರ್ಮೇಶನ್ ಕಂಡರೆ ಎದುರಾಳಿ ಮಾಡೋ ಮೊದಲ ಕೆಲಸ ಅದನ್ನೇ ಹಾಕಿ ನೋಡೋದು. ನವೆಂಬರ್ 5ರಂದು ಎವರ್ಟನ್ ಕೋಚ್ ರೊನಾಲ್ಡ್ ಕೂಮನ್ ಮೂವರು ಸೆಂಟರ್-ಬ್ಯಾಕ್ ಇಟ್ಟುಕೊಂಡು ಬಂದರು. 20 ನಿಮಿಷಕ್ಕೆ 2-0. 36ನೇ ನಿಮಿಷಕ್ಕೇ ವಿಂಗ್-ಬ್ಯಾಕ್ ಒಬ್ಬನನ್ನು ತೆಗೆದು ಯೋಜನೆ ಬದಲಿಸಿದರು. ಕೊನೆಗೆ 5-0. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಕಥೆ. ಬರೆ ಸಿಗುತ್ತೆ, ಸರಪಳಿ ಸಿಗೋದಿಲ್ಲ.

ಡಿಸೆಂಬರ್ 3ರಂದು ಪೆಪ್ ಗಾರ್ಡಿಯೋಲಾ ಕೂಡ ಸಿಟಿಯನ್ನು ಹಿಂದೆ ಮೂವರೊಂದಿಗೆ ಇಳಿಸಿದರು. ತುದಿಗಳಲ್ಲಿ ಇಬ್ಬರೂ ವಿಂಗರ್‌ಗಳೇ, ಹೆಸುಸ್ ನವಾಸ್ ಮತ್ತು ಲೆರಾಯ್ ಸಾನೆ. ಬಹಳ ಹೊತ್ತು ಸಿಟಿಯದೇ ಮೇಲುಗೈ. ನವಾಸ್‌ನ ಕ್ರಾಸ್ ಕೇಹಿಲ್ ಕಾಲಿಗೆ ತಾಗಿ ಸ್ವಂತ ಗೋಲಾಯಿತು. ಕೆವಿನ್ ಡಿ ಬ್ರೂಯ್ನೆ ಖಾಲಿ ಗೋಲಿನ ಮುಂದೆ ಅಡ್ಡಪಟ್ಟಿಗೆ ಹೊಡೆದ. ಅದು ಒಳಗೆ ಹೋಗಿದ್ದರೆ ನಾನು ಬೇರೆ ಬರಹ ಬರೆಯಬೇಕಿತ್ತೇನೋ. ಹೋಗಲಿಲ್ಲ. ಚೆಲ್ಸಿ ಮೂರು ಸಲ ಓಡಿತು, ಮೂರು ಗೋಲು. ಕೊನೆಯದು ಅಲೋನ್ಸೊ ಹಿಂದಿನಿಂದ ಎತ್ತಿಕೊಟ್ಟ ಚೆಂಡು, ಅಜಾರ್‌ನ ಓಟ. ಎರಡೂ ತುದಿಗೆ ವಿಂಗರ್‌ಗಳನ್ನೇ ಇಟ್ಟರೆ ಹಿಂದೆ ಎಷ್ಟು ಖಾಲಿ ಬೀಳುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗೋದು ಕಷ್ಟ.

ಮದ್ದು ಕಂಡುಹಿಡಿದದ್ದು ಟಾಟನ್‌ಹ್ಯಾಮ್. 2017ರ ಜನವರಿ 4, ಅವರದೇ ವೈಟ್ ಹಾರ್ಟ್ ಲೇನ್. ಈ ಸಲ ಮಾರಿಸಿಯೊ ಪೊಚೆಟಿನೊ ಕೂಡ ಹಿಂದೆ ಮೂವರನ್ನು ಇಟ್ಟರು. ವಿಂಗ್-ಬ್ಯಾಕ್ ಆಗಿ ಕೈಲ್ ವಾಕರ್, ಡ್ಯಾನಿ ರೋಸ್. ಇಬ್ಬರೂ ಪಳಗಿದ ಫುಲ್-ಬ್ಯಾಕ್‌ಗಳು. ಈಗ ತುದಿಯಲ್ಲಿ ಒಬ್ಬನಿಗೆ ಒಬ್ಬ. ಐದು ದಾರಿಗೆ ನಾಲ್ಕು ಬಾಗಿಲು ಅನ್ನೋ ಲೆಕ್ಕ ನಡೆಯೋದಿಲ್ಲ.

ಗೋಲುಗಳು ಬಂದದ್ದು ಮಾತ್ರ ವಿಂಗ್-ಬ್ಯಾಕ್‌ಗಳ ಕಾಲಿಂದಲ್ಲ. ಎರಡೂ ಸಲ ಎರಿಕ್ಸೆನ್ ಬಲಬದಿಯಿಂದ ದೂರದ ಕಂಬಕ್ಕೆ ಕ್ರಾಸ್ ಎತ್ತಿದ. ಎರಡೂ ಸಲ ಡೆಲೆ ಅಲಿ ಹೆಡರ್. ಒಂದು ವಿರಾಮಕ್ಕೆ ಸ್ವಲ್ಪ ಮುಂಚೆ, ಇನ್ನೊಂದು 54ನೇ ನಿಮಿಷ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದರ ನಕಲು ಇನ್ನೊಂದು ಅನ್ನಿಸುತ್ತೆ. ದೂರದ ಕಂಬದ ಹತ್ತಿರ ನಿಂತಿದ್ದವನು? ಆಸ್ಪಿಲಿಕ್ವೆಟಾ. ಅಲಿ ಅವನಿಗಿಂತ ಸುಮಾರು 10 ಸೆಂಟಿಮೀಟರ್ ಎತ್ತರ. ಅವನ ಆಚೆಗೆ ಮೋಸೆಸ್, ಗಾಳಿಯಲ್ಲಿ ಬಂದ ಚೆಂಡಿಗೆ ಎಗರಿ ಅಭ್ಯಾಸವಿಲ್ಲದ ವಿಂಗರ್.

ಮೋಸೆಸ್‌ಗೆ ರೆಕ್ಕೆ ಕೊಟ್ಟ ಲೆಕ್ಕಾಚಾರವೇ ಇಲ್ಲಿ ಬೆಲೆ ಕೇಳಿತು. ನೆಲದ ಮೇಲಿನ ಓಟಕ್ಕೆ ಅಂತ ಫುಲ್-ಬ್ಯಾಕ್ ಒಬ್ಬನನ್ನು ಒಳಗೆ ಇಟ್ಟರೆ, ಗಾಳಿಯಲ್ಲಿ ಅಷ್ಟು ಕಮ್ಮಿ ಬೀಳುತ್ತೆ. ಕೊಂಟೆಗೆ ಇದು ಗೊತ್ತಿರಲಿಲ್ಲ ಅಂತ ನನಗೆ ಅನ್ನಿಸೋದಿಲ್ಲ. ಗೊತ್ತಿದ್ದೂ ಒಪ್ಪಿಕೊಂಡ ನಷ್ಟ ಅದು. 13 ಗೆಲುವಿನ ಸರಣಿ ಅಲ್ಲಿಗೆ ಮುರಿಯಿತು. ಆದರೂ ಅವರು ಜೋಡಿಯನ್ನು ಮುರಿಯಲಿಲ್ಲ. ಆಸ್ಪಿಲಿಕ್ವೆಟಾ ಅಲ್ಲೇ ಉಳಿದ.

ಜೋಡಿ ಮುರಿದಾಗ

ನನ್ನ ವಾದಕ್ಕೆ ಸಾಕ್ಷಿ ಏಪ್ರಿಲ್‌ನಲ್ಲಿ ಸಿಗುತ್ತೆ. ಏಪ್ರಿಲ್ 1ರಂದು ಗಾಯದಿಂದ ಮೋಸೆಸ್ ಆಡಲಿಲ್ಲ. ಅವನ ಜಾಗಕ್ಕೆ ಪೆಡ್ರೊನನ್ನು ಎಳೆದರು. ಕ್ರಿಸ್ಟಲ್ ಪ್ಯಾಲೇಸ್ ಎದುರು ತಮ್ಮದೇ ಮೈದಾನದಲ್ಲಿ 1-2 ಸೋಲು. ಒಂದೇ ಪಂದ್ಯದಿಂದ ಏನೂ ಸಾಬೀತಾಗೋದಿಲ್ಲ, ಒಪ್ಪಿದೆ.

ಏಪ್ರಿಲ್ 16, ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್. ಪಂದ್ಯಕ್ಕೆ ಮುಂಚಿನ ವಾರ್ಮ್-ಅಪ್ ಹೊತ್ತಿಗೆ ಅಲೋನ್ಸೊ ಆಡೋ ಸ್ಥಿತಿಯಲ್ಲಿರಲಿಲ್ಲ. ನಿಮಿಷಗಳಲ್ಲಿ ತೀರ್ಮಾನ ಆಗಬೇಕು. ಆಸ್ಪಿಲಿಕ್ವೆಟಾನನ್ನು ಎಡ ವಿಂಗ್-ಬ್ಯಾಕ್ ಜಾಗಕ್ಕೆ ಕಳಿಸಿದರು, ಅವನು ಬಿಟ್ಟ ಜಾಗಕ್ಕೆ ಕರ್ಟ್ ಜೂಮಾ. ಕಾಗದದ ಮೇಲೆ ಒಬ್ಬ ಹೋದ, ಒಬ್ಬ ಬಂದ. ನಿಜದಲ್ಲಿ ಎರಡೂ ಜೋಡಿ ಒಟ್ಟಿಗೆ ಮುರಿದವು. ಬಲಕ್ಕೆ ಮೋಸೆಸ್ ಹಿಂದೆ ಈಗ ಬೇರೆ ಮನುಷ್ಯ. ಎಡಕ್ಕೆ ಅಜಾರ್ ಹೊರಗೆ ಎಡಗಾಲಿನವನಿಲ್ಲ, ಬಲಗಾಲಿನ ಆಸ್ಪಿಲಿಕ್ವೆಟಾ ಚೆಂಡು ಸಿಕ್ಕಾಗಲೆಲ್ಲ ಒಳಗೆ ತಿರುಗಬೇಕು. ಅಷ್ಟು ಸಾಲದು ಅಂತ ಯುನೈಟೆಡ್ ಕೋಚ್ ಜೋಸೆ ಮೊರಿನ್ಹೊ ಅವರು ಆಂಡರ್ ಎರೆರಾನನ್ನು ಅಜಾರ್‌ಗೆ ನೆರಳಿನ ಹಾಗೆ ಅಂಟಿಸಿದ್ದರು. ತುದಿ ಬಿಸಿಯಾಗಿದ್ದಿದ್ದರೆ ಆ ನೆರಳಿಗೆ ಎರಡು ಕಡೆ ಗಮನ ಕೊಡಬೇಕಾಗುತ್ತಿತ್ತು. ತುದಿ ತಣ್ಣಗಿತ್ತು. ಚೆಲ್ಸಿ 90 ನಿಮಿಷದಲ್ಲಿ ಗೋಲಿನ ಚೌಕಟ್ಟಿನೊಳಕ್ಕೆ ಒಂದೂ ಹೊಡೆತ ಹೊಡೆಯಲಿಲ್ಲ. ರ‍್ಯಾಶ್‌ಫರ್ಡ್ ಒಂದು, ಎರೆರಾ ಒಂದು, 2-0.

ಅದೇ ಫಾರ್ಮೇಶನ್, ಅದೇ ಕೋಚ್. ಒಬ್ಬನ ಆರೋಗ್ಯ ಕೈಕೊಟ್ಟಿದ್ದಕ್ಕೆ ಮೂರು ಕೊಂಡಿ ಕಳಚಿದವು.

ಆ ಸೀಸನ್ ಚೆಲ್ಸಿ 38ರಲ್ಲಿ 30 ಪಂದ್ಯ ಗೆದ್ದು 93 ಅಂಕ ಗಳಿಸಿತು. 85 ಗೋಲು ಹೊಡೆದು 33 ಬಿಟ್ಟುಕೊಟ್ಟಿತು. ಎರಡನೇ ಸ್ಥಾನದ ಟಾಟನ್‌ಹ್ಯಾಮ್ 86 ಅಂಕ. ಏಪ್ರಿಲ್ ಬರುವಷ್ಟರಲ್ಲಿ ಆರ್ಸೆನಲ್‌ನ ಆರ್ಸೆನ್ ವೆಂಗರ್ ಕೂಡ ಹಿಂದೆ ಮೂವರನ್ನು ನಿಲ್ಲಿಸಿದ್ದರು. ಮೇ 27ರ ಎಫ್‌ಎ ಕಪ್ ಫೈನಲ್‌ನಲ್ಲಿ ಅದೇ ಜೋಡಣೆಯಿಂದ ಚೆಲ್ಸಿಯನ್ನು 2-1ರಿಂದ ಸೋಲಿಸಿದರು. ಅಂದು ಎರಡನೇ ಹಳದಿ ಕಾರ್ಡ್ ತಿಂದು 68ನೇ ನಿಮಿಷದಲ್ಲಿ ಹೊರನಡೆದವನು ಮೋಸೆಸ್. ಪೆನಾಲ್ಟಿ ಸಿಗಲಿ ಅಂತ ಬೇಕಂತಲೇ ಬಿದ್ದಿದ್ದಕ್ಕೆ.

ಆದರೆ ಲೀಗ್ ನಿರ್ಧಾರವಾಗಿದ್ದು ಅದಕ್ಕೂ ಎರಡು ವಾರ ಮೊದಲು, ಮೇ 12ರ ರಾತ್ರಿ, ವೆಸ್ಟ್ ಬ್ರಾಮ್ ಮೈದಾನದಲ್ಲಿ. ಗೆದ್ದರೆ ಚಾಂಪಿಯನ್. 80 ನಿಮಿಷ ಕಳೆದರೂ 0-0. ಬದಲಿಯಾಗಿ ಬಂದಿದ್ದ ಮಿಚಿ ಬಾಟ್ಶುವಾಯಿ 82ನೇ ನಿಮಿಷದಲ್ಲಿ ನೆಲಕ್ಕೆ ಜಾರಿ ಕಾಲು ಚಾಚಿದ, ಚೆಂಡು ಒಳಗೆ. ಬಲಬದಿಯಿಂದ ನೆಲಮಟ್ಟದಲ್ಲಿ ಎಳೆದ ಆ ಕ್ರಾಸ್ ಮೋಸೆಸ್‌ನದಲ್ಲ. ಲೀಗ್‌ನ 38 ಪಂದ್ಯಗಳಲ್ಲೂ ಒಂದು ನಿಮಿಷ ಬಿಡದೆ ಆಡಿದ ಆಸ್ಪಿಲಿಕ್ವೆಟಾ, ಆ ಒಂದು ಸಲ ತಾನೇ ಮುಂದೆ ಹೋಗಿದ್ದ.